ಗುಲಗಂಜಿ ಹುಳುವಿನ ಊಟ ಬದಲಿಸಿ ಕರುಳಿನ ಬ್ಯಾಕ್ಟೀರಿಯಾ ನೋಡುವುದು ಹೇಗೆ?

ಬೇಟೆಯಾಡುವ ಕೀಟದ ಕರುಳಲ್ಲಿ ಯಾವ ಬ್ಯಾಕ್ಟೀರಿಯಾ ಇರುತ್ತವೆ ಅನ್ನುವುದು ಅದು ತಿಂದ ಬೇಟೆಯ ಮೇಲೂ ನಿಂತಿದೆ. ಪ್ರಾಜೆಕ್ಟ್‌ಗೆ ಒಳ್ಳೆಯ ವಿಷಯ. ಆದರೆ ಎಷ್ಟೋ ಸಲ ವಿದ್ಯಾರ್ಥಿಗಳು ಎಣಿಸುವುದು ಕರುಳಿನ ಬ್ಯಾಕ್ಟೀರಿಯಾ ಆಗಿರುವುದಿಲ್ಲ. ಹುಳುವಿನ ಮೈಮೇಲಿನವೋ, ಆಗಷ್ಟೇ ನುಂಗಿದ ಗಿಡಹೇನಿನವೋ ಆಗಿರುತ್ತವೆ.

ಅಲಸಂದೆ ಗಿಡದಲ್ಲಿ ಕಪ್ಪು ಗಿಡಹೇನು ಮುತ್ತಿರುವ ಕಡೆ ಹುಡುಕಿದರೆ ಗುಲಗಂಜಿ ಹುಳು ಸಿಗುತ್ತದೆ. ಅವನ್ನೇ ನೇರವಾಗಿ ಪ್ರಯೋಗಕ್ಕೆ ಹಾಕಬೇಡಿ. ಹಿಂದೆ ಏನು ತಿಂದಿದ್ದವೋ ಗೊತ್ತಿರುವುದಿಲ್ಲ. ಮೊಟ್ಟೆ ಇಡಿಸಿ, ಒಂದೇ ತಾಯಿಯ ಮರಿಗಳನ್ನು ಎರಡು ಗುಂಪು ಮಾಡಿ. ಒಂದೊಂದು ಮರಿಗೂ ಬೇರೆ ಸೀಸೆ ಬೇಕೇ ಬೇಕು. ಒಟ್ಟಿಗೆ ಬಿಟ್ಟರೆ ಒಂದನ್ನೊಂದು ತಿನ್ನುತ್ತವೆ, ಅದೂ ಊಟದ ಲೆಕ್ಕಕ್ಕೇ ಸೇರುತ್ತದೆ.

ಒಂದು ಗುಂಪಿಗೆ ಗಿಡಹೇನು, ಇನ್ನೊಂದಕ್ಕೆ ಅಕ್ಕಿ ಪತಂಗದ ಮೊಟ್ಟೆ. ಮೊಟ್ಟೆಯಿಂದ ಮರಿ ಹೊರಬರದಂತೆ ಅದನ್ನು ಮೊದಲೇ ಯುವಿ (ಅತಿನೇರಳೆ) ಬೆಳಕಿಗೆ ಹಿಡಿದಿರಬೇಕು. ಸುಲಭ ಅಂತ ಟ್ರೈಕೊಕಾರ್ಡ್ (ಪತಂಗದ ಮೊಟ್ಟೆ ಅಂಟಿಸಿದ ಕಾರ್ಡ್) ತಂದು ಹಾಕುವವರಿದ್ದಾರೆ. ಖಂಡಿತ ಬೇಡ. ಆ ಮೊಟ್ಟೆಗಳೊಳಗೆ ಪರಾವಲಂಬಿ ಕಣಜದ ಮರಿ ಇರುತ್ತದೆ.

ಹುಳು ಪ್ರೌಢವಾದ ಮೇಲೆಯೇ ನಿಜವಾದ ಕಷ್ಟ ಶುರು. ಮೊದಲು ಒಂದು ದಿನ ಊಟ ನಿಲ್ಲಿಸಿ, ಒದ್ದೆ ಹತ್ತಿ ಮಾತ್ರ ಇಡಿ. ನುಂಗಿದ್ದು ಬಹುಪಾಲು ಹೊರಗೆ ಹೋಗಲಿ. ಆಮೇಲೆ ಸೀಸೆಯನ್ನು ಸ್ವಲ್ಪ ಹೊತ್ತು ಐಸಿನ ಮೇಲಿಡಿ. ಹುಳು ಗಾಬರಿಯಾದರೆ ಕಾಲಿನ ಕೀಲಿನಿಂದ ಹಳದಿ ರಸ ಬಿಡುತ್ತದೆ, ಅದು ಸ್ಯಾಂಪಲ್‌ಗೆ ಸೇರಬಾರದು. ಈಗ 70% ಆಲ್ಕೋಹಾಲ್‌ನಲ್ಲಿ ಅರ್ಧ ನಿಮಿಷ, ತೆಳು ಬ್ಲೀಚ್‌ನಲ್ಲಿ ಅರ್ಧ ನಿಮಿಷ, ನಂತರ ಕ್ರಿಮಿಶುದ್ಧ ನೀರಿನಲ್ಲಿ ಮೂರು ಸಲ ತೊಳೆಯಿರಿ. ಸ್ಯಾನಿಟೈಸರ್ ಜೆಲ್ ಬೇಡ, ಮೈಗೆ ಅಂಟಿಕೊಳ್ಳುತ್ತದೆ. ವಾಸನೆಯ ನೆಲ ಒರೆಸುವ ದ್ರಾವಣವಂತೂ ಬೇಡವೇ ಬೇಡ.

ಕೊನೆಯ ಸಲ ತೊಳೆದ ನೀರನ್ನು ಚೆಲ್ಲಬೇಡಿ! ಅದರ ಒಂದು ಹನಿಯನ್ನು ಅಗಾರ್ ತಟ್ಟೆಗೆ (ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆ) ಹಾಕಿ. ಅಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ಮೈ ಶುದ್ಧವಾಗಿಲ್ಲ ಅಂತಲೇ ಅರ್ಥ, ಆ ಬ್ಯಾಚ್ ಕೈಬಿಡಿ. ಈ ಒಂದು ತಟ್ಟೆಯ ಖರ್ಚು ಉಳಿಸಲು ಹೋಗಿ ತಿಂಗಳುಗಟ್ಟಲೆ ಮಾಡಿದ ಕೆಲಸ ಹಾಳಾಗುತ್ತದೆ. ಹಾಗೆಯೇ ಊಟದ ಗಿಡಹೇನು, ಮೊಟ್ಟೆ ಎರಡನ್ನೂ ಅರೆದು ಬೇರೆ ತಟ್ಟೆಗಳಿಗೆ ಹಾಕಿ. ಊಟದ ಜೊತೆ ಬಂದವು ಯಾವುವು ಅನ್ನುವುದು ಗೊತ್ತಾಗಬೇಕು, ಅಲ್ವಾ?

ಕರುಳು ತೆಗೆಯುವುದು, ಅರೆಯುವುದು, ಹತ್ತು ಪಟ್ಟು ತೆಳು ಮಾಡುತ್ತಾ ತಟ್ಟೆಗೆ ಹರಡುವುದು ಎಲ್ಲಾ ಲ್ಯಾಬ್‌ನಲ್ಲಿ ಕಲಿಸಿದಂತೆಯೇ.

ತಟ್ಟೆಯಲ್ಲಿ ಬೆಳೆಯುವವು ಕೆಲವೇ ಜಾತಿಗಳು. ಉಳಿದವನ್ನು ಹಿಡಿಯಲು ಡಿಎನ್‌ಎಯಲ್ಲಿ 16ಎಸ್ ಜೀನ್ (ಬ್ಯಾಕ್ಟೀರಿಯಾ ಯಾವುದೆಂದು ಗುರುತಿಸಲು ನೆರವಾಗುವ ಜೀನ್) ಓದಿಸಬೇಕು. ಆಗ ಬುಕ್ನೆರಾ ಎಂಬ ಹೆಸರು ಕಂಡರೆ ಕುಣಿಯಬೇಡಿ. ಅದು ಗಿಡಹೇನಿನ ಜೀವಕೋಶದೊಳಗೆ ವಾಸಿಸುವ ಬ್ಯಾಕ್ಟೀರಿಯಾ, ಊಟದ ಜೊತೆ ಬಂದದ್ದು. ಬ್ಲೀಚ್‌ನಲ್ಲಿ ತೊಳೆಯುವುದನ್ನು ತಪ್ಪಿಸಬೇಡಿ ಅನ್ನುವುದೂ ಇದಕ್ಕೇ: ಆಲ್ಕೋಹಾಲ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆದರೆ ಮೈಮೇಲಿನ ಡಿಎನ್‌ಎಯನ್ನು ನಾಶ ಮಾಡುವುದಿಲ್ಲ.