ದಪ್ಪ ಓರೆ ಅಕ್ಷರವನ್ನು ಅಂಗಡಿ ಫಲಕಕ್ಕೆ ಒಗ್ಗಿಸುವುದು ಹೇಗೆ?

ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಅಂಗಡಿಗೆ ಹೊಸ ಫಲಕ ಮಾಡಿಸಲು ಹೊರಟವರಲ್ಲಿ ಹಲವರು ಡಿಟಿಪಿ ಮಾಡುವವರ ಮುಂದೆ ಇಡುವ ಬೇಡಿಕೆ ಒಂದೇ: ಅಕ್ಷರ ದಪ್ಪಗಿರಲಿ, ಸ್ವಲ್ಪ ಓರೆಯಾಗಿಯೂ ಇರಲಿ. ದಪ್ಪ ಗೆರೆ ದೂರದಿಂದಲೇ ಕಣ್ಣು ಸೆಳೆಯುತ್ತದೆ, ಬಲಕ್ಕೆ ವಾಲಿದ ಅಕ್ಷರ ಹೆಸರಿಗೆ ಚುರುಕು ತರುತ್ತದೆ. ಆದ್ದರಿಂದ ಬೇಡಿಕೆ ಸರಿಯೇ. ಅದನ್ನು ಕನ್ನಡದ ದುಂಡು ಅಕ್ಷರಗಳಿಗೆ ಒಗ್ಗಿಸುವುದಕ್ಕೆ ಮಾತ್ರ ತಾಳ್ಮೆ ಬೇಕು.

ಇಟಾಲಿಕ್ ಎಂದು ಕರೆಯುವ ಈ ಓರೆ ರೂಪ ಹುಟ್ಟಿದ್ದು ಇಟಲಿಯ ಕೈಬರಹದಿಂದ. ವೆನಿಸ್ ನಗರದ ಮುದ್ರಕ ಆಲ್ಡಸ್ ಮನುಷಿಯಸ್ 1501ರಲ್ಲಿ ಇಡೀ ಪುಸ್ತಕವನ್ನೇ ಈ ಓರೆ ಅಚ್ಚಿನಲ್ಲಿ ತಂದರು. ಕನ್ನಡ ಮುದ್ರಣಕ್ಕೆ ಅಂಥ ಪರಂಪರೆ ಇಲ್ಲ. ತಿರೋ ಕನ್ನಡದಂತಹ ಕೆಲವು ಫಾಂಟ್‌ಗಳಲ್ಲಿ ಮಾತ್ರ ಓರೆ ರೂಪವನ್ನು ಬೇರೆಯಾಗಿಯೇ ಚಿತ್ರಿಸಿದ್ದಾರೆ. ಉಳಿದೆಡೆ ಇಟಾಲಿಕ್ ಬಟನ್ ಒತ್ತಿದಾಗ ಕಂಪ್ಯೂಟರ್ ನೆಟ್ಟಗಿನ ಅಕ್ಷರವನ್ನು ಸುಮ್ಮನೆ ಬಾಗಿಸುತ್ತದೆ.

ಮೊದಲು ಫಾಂಟ್ ಆರಿಸಿ. ಅನೇಕ್ ಕನ್ನಡ ಅಥವಾ ಬಲೂ ತಮ್ಮ 2 ಫಾಂಟ್‌ನ ಬೋಲ್ಡ್ ರೂಪ ಒಳ್ಳೆಯ ಆರಂಭ. ಅತಿ ದಪ್ಪದ ರೂಪಕ್ಕಿಂತ ಒಂದು ಮೆಟ್ಟಿಲು ಕೆಳಗಿನದನ್ನೇ ತೆಗೆದುಕೊಳ್ಳಿ, ಏಕೆಂದರೆ ಬಾಗಿಸಿದ ಮೇಲೆ ದುಂಡು ಭಾಗಗಳು ಮೊಟ್ಟೆಯಂತೆ ಉದ್ದವಾಗಿ, ಗೆರೆ ಒಂದು ಬದಿಯಲ್ಲಿ ಉಬ್ಬಿ ಇನ್ನೊಂದು ಬದಿಯಲ್ಲಿ ಸೊರಗುತ್ತದೆ. ಓರೆ 8ರಿಂದ 10 ಡಿಗ್ರಿ ಮೀರದಿರಲಿ.

ಅನಂತರ ಅಕ್ಷರಗಳನ್ನು ಒಂದೊಂದಾಗಿ ನೋಡಿ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಬೇಡುವುದು ಇದೇ, ಹೆಚ್ಚು ಜನ ಬಿಟ್ಟುಬಿಡುವುದೂ ಇದನ್ನೇ. ‘ಕಾಫಿ’ ಎಂದು ಬರೆದು ‘ಫಿ’ಯನ್ನು ಹಿಗ್ಗಿಸಿ ನೋಡಿದರೆ, ‘ಪ’ವನ್ನು ‘ಫ’ ಮಾಡುವ ಬುಡದ ಪುಟ್ಟ ಸೀಳು ದಪ್ಪ ಗೆರೆಗಳ ನಡುವೆ ಮುಚ್ಚಿಹೋಗುವಂತಿರುತ್ತದೆ. ಮುಚ್ಚಿದರೆ ಅಂಗಡಿಯ ಹೆಸರೇ ‘ಕಾಪಿ’ ಆಗುತ್ತದೆ. ‘ಚಿಕ್ಕಮಗಳೂರು’ ಪದದಲ್ಲಿ ‘ಕ್ಕ’ದ ಒತ್ತು ಬಾಗಿಸಿದಾಗ ಎಡಕ್ಕೆ ಜಾರಿ ತನ್ನ ಅಕ್ಷರದ ಅಡಿಗೆ ನುಸುಳಿದಂತೆ ಕಾಣುತ್ತದೆ. ಅಕ್ಷರಗಳನ್ನು ಕರ್ವ್ ಆಗಿ, ಎಂದರೆ ತಿದ್ದಬಹುದಾದ ಗೆರೆಗಳ ಚಿತ್ರವಾಗಿ, ಬದಲಿಸಿಕೊಂಡು ಸೀಳನ್ನು ಅಗಲಿಸಿ, ಒತ್ತನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸಿ. ಹೀಗೆ ಕರ್ವ್ ಮಾಡಿದ ಕಡತ ಮುದ್ರಿಸುವವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಕೆಡುವುದಿಲ್ಲ.

ದಪ್ಪ ಓರೆ ಅಕ್ಷರ ಹೆಸರಿಗಷ್ಟೇ ಸಾಕು. ವಿಳಾಸ, ದರ, ಫೋನ್ ನಂಬರು ನೆಟ್ಟಗಿನ ಸಾದಾ ಅಕ್ಷರದಲ್ಲಿರಲಿ. ಎರಡು ಸಾಲಿನ ಹೆಸರಾದರೆ, ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗದಷ್ಟು ಜಾಗ ಬಿಡಿ.

ಅಕ್ಷರದ ಎತ್ತರಕ್ಕೆ ಫಲಕದ ಕಸುಬಿನಲ್ಲಿ ಒಂದು ರೂಢಿಯ ಲೆಕ್ಕವಿದೆ: 10 ಅಡಿ ದೂರಕ್ಕೆ 1 ಅಂಗುಲ. ರಸ್ತೆಯ ಆಚೆ ಬದಿ 40 ಅಡಿ ದೂರವಿದ್ದರೆ 4 ಅಂಗುಲ ಬೇಕು. ಓರೆ ಅಕ್ಷರಕ್ಕೆ ಇನ್ನೂ ಒಂದು ಅಂಗುಲ ಸೇರಿಸುವುದು ಒಳ್ಳೆಯದು.

ಫ್ಲೆಕ್ಸ್‌ಗೆ ಕೊಡುವ ಮೊದಲು ಹೆಸರನ್ನು ನಿಜವಾದ ಅಳತೆಯಲ್ಲೇ ಕಾಗದದ ಮೇಲೆ ಮುದ್ರಿಸಿ, ಅಂಗಡಿಯ ಮುಂದೆ ಅಂಟಿಸಿ. ಸಂಜೆ ಬೆಳಕು ಇಳಿದ ಮೇಲೆ ರಸ್ತೆಯ ಆಚೆ ನಿಂತು, ಹೆಸರು ಮೊದಲೇ ಗೊತ್ತಿಲ್ಲದ ಯಾರಿಂದಲಾದರೂ ಓದಿಸಿ. ಅವರು ‘ಕಾಪಿ’ ಎಂದರೆ ಕಡತ ತೆರೆದು ಸೀಳನ್ನು ಇನ್ನಷ್ಟು ಅಗಲಿಸಿ.