ರೆಕಾರ್ಡ್ ಇಲ್ಲದ ಯೆಜ್ಡಿಗೆ ಆರ್‌ಸಿ ಮಾಡಿಸಿದ್ದು: ನನ್ನ ಅನುಭವ

ಆರ್‌ಸಿ ಕಾರ್ಡ್, ಅಂದರೆ ಗಾಡಿಯ ನೋಂದಣಿ ಪತ್ರ, ಕೈಗೆ ಬಂತು. 2022ರ ಮಾರ್ಚ್ ಕೊನೆಯ ವಾರ ಪೋಸ್ಟ್‌ಮ್ಯಾನ್ ಗ್ಯಾರೇಜಿಗೇ ತಂದು ಕೊಟ್ಟರು. 1986ರ ಯೆಜ್ಡಿ ರೋಡ್‌ಕಿಂಗ್ ಬೈಕ್, ಮಾಲೀಕರ ಜಾಗದಲ್ಲಿ ನನ್ನ ಹೆಸರು. ಇದಕ್ಕಾಗಿ ಹದಿನಾರು ತಿಂಗಳು ಓಡಾಡಿದ್ದೇನೆ. ರೆಕಾರ್ಡ್ ಇಲ್ಲದ ಗಾಡಿ ಗುಜರಿಗೇ ಸರಿ ಎನ್ನುವವರು ನಮ್ಮ ಲೈನಿನಲ್ಲಿ ಬೇಕಾದಷ್ಟಿದ್ದಾರೆ. ನನಗೆ ಕೆಲಸ ಕಲಿಸಿದ ಉಸ್ತಾದರೂ ಹಾಗೇ ಅಂದಿದ್ದರು. "ಪಾರ್ಟ್ಸ್ ಬಿಚ್ಚಿ ಮಾರು, ಇಪ್ಪತ್ತೈದು ಸಾವಿರ ಎದ್ದು ಬರುತ್ತೆ. ಇದರ ಹಿಂದೆ ಬಿದ್ರೆ ಗ್ಯಾರೇಜ್ ಬಾಗಿಲು ಹಾಕ್ತೀಯ" ಅಂತ. ಬಾಗಿಲು ಹಾಕಿಲ್ಲ, ಆರ್‌ಸಿಯೂ ಬಂತು. ಅದಕ್ಕೇ ಬರೆಯುತ್ತಿದ್ದೇನೆ. ಫಾರ್ಮ್ 29, 30 ಎಂದರೆ ಗಾಡಿಯನ್ನು ಇನ್ನೊಬ್ಬರ ಹೆಸರಿಗೆ ಮಾಡಿಸುವ ಕಾಗದ, ಚಾಸಿ ಪ್ರಿಂಟ್ ಎಂದರೆ ಗಾಡಿಯ ಚೌಕಟ್ಟಿನ ಮೇಲೆ ಕೊರೆದ ನಂಬರಿನ ಅಚ್ಚು. ಅದಕ್ಕಿಂತ ಜಾಸ್ತಿ ಹೇಳುತ್ತಾ ಕೂರುವುದಿಲ್ಲ.

ಗಾಡಿ ಸಿಕ್ಕಿದ್ದು 2020ರ ದೀಪಾವಳಿ ಕಳೆದ ಮೇಲೆ, ಪಿರಿಯಾಪಟ್ಟಣ ಕಡೆಯ ಒಂದು ಹಳ್ಳಿಯಲ್ಲಿ. ಬಳಸದೆ ಬಿಟ್ಟ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಒಳಗೆ ನಿಂತಿತ್ತು. ಮಣ್ಣಿನ ಗೋಡೆ, ಒಂದಿಷ್ಟೂ ತೇವ ಇಲ್ಲ. ಟ್ಯಾಂಕಿನ ಒಳಗೆ ತುಕ್ಕು ಕಡಿಮೆ ಇತ್ತು, ಕಿಕ್ಕರ್ ಕೆಳಗೆ ಇಳಿಯುತ್ತಿತ್ತು. ಎಂಟು ಸಾವಿರಕ್ಕೆ ಮಾತಾಯಿತು. ಆರ್‌ಸಿ ಬುಕ್ ಇಲ್ಲ, ಇನ್ಶೂರೆನ್ಸ್ ಇಲ್ಲ, ಟ್ಯಾಕ್ಸ್ ಕಾರ್ಡ್ ಇಲ್ಲ. ನಂಬರ್ ಪ್ಲೇಟಿನಲ್ಲಿ ಕೆಎ ಬರುವ ಮುಂಚಿನ ಸಿಎ ಸೀರೀಸ್, ಅದರಲ್ಲೂ ಕೊನೆಯ ಅಂಕಿ ಅಳಿಸಿ ಹೋಗಿತ್ತು. ಮಾರಿದವನು "ನಮ್ದೇ ಗಾಡಿ ಅಣ್ಣ, ಬುಕ್ಕು ಎಲ್ಲೋ ಕಳೆದೋಯ್ತು" ಎಂದ. ನಾನು ನಂಬಿದೆ. ಒಂದು ಬಿಳಿ ಹಾಳೆಯಲ್ಲಿ ಬರೆಸಿಕೊಂಡು ಗೂಡ್ಸ್ ಆಟೋಗೆ ಹಾಕಿಕೊಂಡು ಬಂದೆ.

ಮೊದಲು ಹೋಗಿದ್ದು ಎಲ್ಲರೂ ಹೋಗುವ ಹಾಗೆ ಒಬ್ಬ ಆರ್‌ಟಿಓ ಏಜೆಂಟ್ ಹತ್ತಿರ. ಆರು ಸಾವಿರ ತೆಗೆದುಕೊಂಡ, ನಲವತ್ತೈದು ದಿನ ಎಂದ. ಎರಡು ತಿಂಗಳಾದ ಮೇಲೆ ಅವನು ಹೇಳಿದ್ದು ಏನು ಗೊತ್ತಾ? ಗುಜರಿಗೆ ಹೋದ ಇನ್ನೊಂದು ಯೆಜ್ಡಿಯ ಬುಕ್ ಇದೆಯಂತೆ, ಅದರ ನಂಬರನ್ನು ನನ್ನ ಚಾಸಿ ಮೇಲೆ ಪಂಚ್ ಮಾಡಿಬಿಡೋಣ ಅಂತೆ. ಆಗುವುದಿಲ್ಲ ಎಂದೆ. ನಂಬರ್ ಉಜ್ಜಿ ಪಂಚ್ ಮಾಡಿದ ಗಾಡಿ ನಾಳೆ ಕಳ್ಳಮಾಲು ಎಂದು ಠಾಣೆಯಲ್ಲಿ ನಿಂತರೆ ಜೈಲಿಗೆ ಹೋಗುವವನು ನಾನು, ಏಜೆಂಟ್ ಅಲ್ಲ. ಆರು ಸಾವಿರ ವಾಪಸ್ ಬರಲಿಲ್ಲ. ಕೊನೆಗೆ ಅವನು ಫೋನೂ ಎತ್ತಲಿಲ್ಲ.

ಆಮೇಲೆ ಗಾಡಿಯ ದಾಖಲೆ ಕೇಳಿ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಮೂವತ್ತು ದಿನ ಕಾಯುವುದು. ಮೂರನೆಯವರ ಖಾಸಗಿ ಮಾಹಿತಿ ಕೊಡಲಾಗದು ಎಂದು ಸೆಕ್ಷನ್ 8(1)(ಜೆ) ತೋರಿಸಿ ಉತ್ತರ ಬಂತು. ಒಬ್ಬ ವಕೀಲರನ್ನು ಕೇಳಿದರೆ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕೋಣ, ಇಪ್ಪತ್ತೈದು ಸಾವಿರದಿಂದ ಶುರು ಎಂದರು. ಇನ್ನೊಬ್ಬ ಸ್ನೇಹಿತ ಬಂದು 2021ರ ಜುಲೈನಲ್ಲಿ ವಿಂಟೇಜ್ ಗಾಡಿಗಳ ಹೊಸ ನಿಯಮ ಬಂದಿದೆ, ಅದರಲ್ಲಿ ಮಾಡಿಸು ಎಂದ. ಓದಿ ನೋಡಿದರೆ ಗಾಡಿಗೆ 50 ವರ್ಷ ಆಗಿರಬೇಕು, ಹೊಸ ನೋಂದಣಿಗೆ ಶುಲ್ಕವೇ 20,000. ನನ್ನ ಗಾಡಿಗೆ ಆಗ ಮೂವತ್ತೈದು ವರ್ಷ. ಆ ದಾರಿಯೂ ಮುಚ್ಚಿತು.

ಇಷ್ಟು ಹೊತ್ತಿಗೆ ನನಗೆ ಒಂದು ವಿಷಯ ತಲೆಗೆ ಹೋಯಿತು. ನಾನು ಕಾಗದ ಹುಡುಕುತ್ತಿದ್ದೆ. ಹುಡುಕಬೇಕಾದದ್ದು ಬುಕ್ಕಿನಲ್ಲಿ ಹೆಸರು ಇರುವ ಮನುಷ್ಯನನ್ನು. ಬುಕ್ ಕಳೆದರೂ ಆರ್‌ಟಿಓ ಕಚೇರಿಯ ಬಿ ರಿಜಿಸ್ಟರ್, ಅಂದರೆ ನೋಂದಣಿ ಪುಸ್ತಕದಲ್ಲಿ ಗಾಡಿ ಇದ್ದೇ ಇರುತ್ತದೆ. ಆದರೆ ಅದರ ಪ್ರತಿ, ಅಂದರೆ ಬಿ ಎಕ್ಸ್‌ಟ್ರಾಕ್ಟ್, ಕೇಳುವ ಹಕ್ಕು ಆ ಮನುಷ್ಯನದ್ದು, ಅವನಿಲ್ಲದಿದ್ದರೆ ಅವನ ವಾರಸುದಾರರದ್ದು. ನಾನು ಕೇಳಿದರೆ ಅದು ಬೀದಿಯಲ್ಲಿ ಹೋಗುವವನು ಕೇಳಿದ ಹಾಗೆ.

ಮತ್ತೆ ಹಳ್ಳಿಗೆ ಹೋದೆ. ಮಾರಿದವನನ್ನು ಬಿಟ್ಟು ಪಕ್ಕದ ಅಂಗಡಿಯಲ್ಲಿ ಟೀ ಕುಡಿಯುತ್ತಾ ವಿಚಾರಿಸಿದೆ. ಹತ್ತು ನಿಮಿಷದಲ್ಲಿ ನಿಜ ಹೊರಗೆ ಬಂತು. ಗಾಡಿ ಮಾರಿದವನದ್ದಲ್ಲ, ಅವನ ದೊಡ್ಡಪ್ಪನದ್ದು. ದೊಡ್ಡಪ್ಪ 2009ರಲ್ಲೇ ತೀರಿಕೊಂಡಿದ್ದಾರೆ. ಅವರ ಹೆಂಡತಿ ಮೂರು ಬೀದಿ ಆಚೆ ಇದ್ದಾರೆ. ಎದೆ ಧಸಕ್ ಎಂದಿತು. ಅವರ ಮನೆ ಬಾಗಿಲಿಗೆ ಹೋದರೆ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗಾಡಿ ತಕೊಂಡೋದವ ನೀನೇನಪ್ಪಾ? ನಮ್ಮನೆಯವ್ರ ಗಾಡೀನ ಮಾರಕ್ಕೆ ಅವನ್ಯಾರು?" ಎಂದರು. ನಾನು ಬಿಳಿ ಹಾಳೆ ತೋರಿಸಿದೆ. "ಅವ್ವಾ, ನಿಮಗೆ ಗಾಡಿ ವಾಪಸ್ ಬೇಕು ಅಂದ್ರೆ ನಾಳೆನೇ ತಂದು ನಿಲ್ಲಿಸ್ತೀನಿ" ಎಂದೆ. ಮನಸ್ಸಿನಿಂದಲೇ ಹೇಳಿದ ಮಾತು. ಅವರು ಮಗನಿಗೆ ಫೋನ್ ಮಾಡಿಸಿದರು. ಮಗ ಬೆಂಗಳೂರಿನಲ್ಲಿ, ಮಗಳು ಕುಶಾಲನಗರದಲ್ಲಿ. ಮಗ ಹದಿನೈದು ಸಾವಿರ ಕೇಳಿದ, ಹತ್ತಕ್ಕೆ ಒಪ್ಪಿದ. ಒಂದೇ ಗಾಡಿಗೆ ಎರಡು ಸಲ ದುಡ್ಡು ಕೊಟ್ಟೆ. ಆ ಹತ್ತು ಸಾವಿರದ ಬಗ್ಗೆ ಇವತ್ತಿಗೂ ಬೇಜಾರಿಲ್ಲ. ದಾರಿ ತೆರೆದದ್ದೇ ಅದು.

ಅಜ್ಜಿಯ ಟ್ರಂಕಿನಲ್ಲಿ ಹಳೆಯ ರೇಷನ್ ಕಾರ್ಡಿನ ಜೊತೆ ಯೆಜ್ಡಿಯ ಟ್ಯಾಕ್ಸ್ ಕಾರ್ಡಿನ ಅರ್ಧ ಸಿಕ್ಕಿತು. ಅದರಲ್ಲೂ ನಂಬರಿನ ಕೊನೆ ಹರಿದಿತ್ತು! ಆ ಒಂದು ಅಂಕಿ ಯಾವುದು ಎಂದು ಹೇಗೆ ಹಿಡಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಕಸುಬಿನ ಗುಟ್ಟು. ಯಾರಿಗೂ ದುಡ್ಡು ಕೊಟ್ಟಿಲ್ಲ, ಕಾನೂನು ಮೀರಿಲ್ಲ. ನಂಬರ್ ಪ್ಲೇಟಿನ ಹಿಂಬದಿಯನ್ನು ಚೆನ್ನಾಗಿ ನೋಡಿ, ಅಷ್ಟು ಹೇಳಬಲ್ಲೆ.

ಚಾಸಿ ನಂಬರಿನದು ಇನ್ನೊಂದು ಕಥೆ. ಹ್ಯಾಂಡಲ್ ಕೆಳಗಿನ ಕೊಳವೆಯ ಮೇಲೆ ನಾಲ್ಕೈದು ಕೋಟ್ ಪೇಂಟ್ ಕೂತಿತ್ತು. ವೈರ್ ಬ್ರಷ್ ಹಾಕಲೇಬೇಡಿ. ಅಂಕಿಯ ಅಂಚು ಸವೆದರೆ ಗಾಡಿ ಪರೀಕ್ಷಿಸುವ ಆರ್‌ಟಿಓ ಬ್ರೇಕ್ ಇನ್‌ಸ್ಪೆಕ್ಟರ್ ಒಂದೇ ನೋಟಕ್ಕೆ ಅನುಮಾನ ಪಡುತ್ತಾರೆ. ಪೇಂಟ್ ರಿಮೂವರ್ ಹಚ್ಚಿ, ಹತ್ತಿ ಬಟ್ಟೆಯಲ್ಲಿ ಒರೆಸುತ್ತಾ ಎರಡು ದಿನ ತೆಗೆದುಕೊಂಡೆ. ಒಂದು ಅಂಕಿ 8 ಅಥವಾ 3 ಎಂದು ಗೊತ್ತಾಗುತ್ತಿರಲಿಲ್ಲ. ಸೀಮೆಸುಣ್ಣದ ಪುಡಿ ತುಂಬಿ ನೋಡಿದೆ, ಆಗಲಿಲ್ಲ. ರಾತ್ರಿ ಲೈಟ್ ಆರಿಸಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದಾಗ 3 ಸ್ಪಷ್ಟವಾಗಿ ಕಂಡಿತು. ಆಮೇಲೆ ಅಂಕಿಗಳ ಮೇಲೆ ಪೆನ್ಸಿಲ್ ಉಜ್ಜಿ ಸೆಲ್ಲೋಟೇಪ್ ಅಂಟಿಸಿ ಎತ್ತಿದರೆ ಒಳ್ಳೆಯ ಪ್ರಿಂಟ್. ಐದಾರು ಪ್ರಿಂಟ್ ಒಂದೇ ಸಲ ತೆಗೆದಿಡಿ, ಪ್ರತಿ ಕೌಂಟರಿನಲ್ಲೂ ಕೇಳುತ್ತಾರೆ.

ಅಜ್ಜಿಯ ಅರ್ಜಿಗೆ ಬಿ ಎಕ್ಸ್‌ಟ್ರಾಕ್ಟ್ ಬರಲು ಒಂದೂವರೆ ತಿಂಗಳು ಹಿಡಿಯಿತು. ಹಳೆಯ ಲೆಡ್ಜರ್, ಹುಡುಕಬೇಕು. ಸಿಕ್ಕ ದಿನ ಕುಣಿದಾಡಿದೆ, ಓದಿದ ಮೇಲೆ ಕೂತುಬಿಟ್ಟೆ. ಎರಡು ತೊಡಕು. ಒಂದು, ಎಚ್‌ಪಿ, ಅಂದರೆ ಗಾಡಿ ಮೇಲಿನ ಸಾಲದ ನಮೂದು, ಇನ್ನೂ ತೆಗೆಸಿರಲಿಲ್ಲ. ಅಜ್ಜಿಯ ಯಜಮಾನರು ಆಗ ಬ್ಯಾಂಕ್ ಸಾಲದಲ್ಲಿ ಗಾಡಿ ತೆಗೆದಿದ್ದರು. ಆ ಬ್ಯಾಂಕೇ ಈಗ ಇನ್ನೊಂದರಲ್ಲಿ ಸೇರಿಹೋಗಿದೆ. ಎರಡು, ಬಣ್ಣ ಮರೂನ್ ಎಂದಿತ್ತು. ನನ್ನ ಮುಂದೆ ನಿಂತಿದ್ದು ನೀಲಿ ಗಾಡಿ.

ಬ್ಯಾಂಕಿಗೆ ಎಂಟು ಸಲ ಹೋಗಿದ್ದೇನೆ. ಅಷ್ಟು ಹಳೆಯ ದಾಖಲೆ ನಮ್ಮಲ್ಲಿ ಇಲ್ಲ, ಆದ್ದರಿಂದ ಸಾಲ ತೀರಿದೆ ಎಂದು ಬರೆದುಕೊಡಲು ಆಗುವುದಿಲ್ಲ ಎನ್ನುತ್ತಿದ್ದರು. ಕೊನೆಗೆ ನಾನು ಕೇಳುವ ಮಾತನ್ನೇ ಬದಲಿಸಿದೆ. ಸಾಲ ತೀರಿದೆ ಎಂದು ಬರೆಯಬೇಡಿ ಸಾರ್, ಇವರ ಹೆಸರಲ್ಲಿ ನಿಮ್ಮ ಲೆಕ್ಕದಲ್ಲಿ ಯಾವ ಬಾಕಿಯೂ ಕಾಣುವುದಿಲ್ಲ ಎಂದು ಬರೆಯಿರಿ ಎಂದೆ. ಅದು ನಿಜವೇ ಅಲ್ವಾ? ಹೊಸ ಮ್ಯಾನೇಜರ್ ಒಪ್ಪಿದರು. ಲೆಟರ್‌ಹೆಡ್ಡಿನಲ್ಲಿ ಪತ್ರ, ಜೊತೆಗೆ ಎಚ್‌ಪಿ ತೆಗೆಸುವ ಫಾರ್ಮ್ 35ಕ್ಕೆ ಸೀಲು. ಇಷ್ಟಕ್ಕೆ ಮೂರು ತಿಂಗಳು.

ಬ್ಯಾಂಕಿನ ಪತ್ರಕ್ಕೆ ಕಾಯುತ್ತಿದ್ದಾಗ ಇನ್ನೊಂದು ಪ್ರಯೋಗ ಮಾಡಿದೆ. ಒಂದು ಠಾಣೆಯಲ್ಲಿ ವಾರಸುದಾರರಿಲ್ಲದ ಬೈಕುಗಳ ಹರಾಜಿತ್ತು. ಹರಾಜಿನ ಪತ್ರ ಇದ್ದರೆ ಆರ್‌ಸಿ ಸುಲಭ ಎಂದುಕೊಂಡು ಒಂದು ಸ್ಪ್ಲೆಂಡರ್‌ಗೆ ಏಳೂವರೆ ಸಾವಿರ ಕೂಗಿದೆ. ಪತ್ರ ಕೈಗೆ ಬಂದ ಮೇಲೆ ನೋಡಿದರೆ "ಗುಜರಿಯಾಗಿ ಮಾರಾಟ" ಎಂದಿತ್ತು. ಆ ಒಂದು ಪದ ಇದ್ದರೆ ಅದು ಪಾರ್ಟ್ಸಿಗೆ ಮಾತ್ರ. ಪ್ರಕಟಣೆ ಹಚ್ಚಿದ ದಿನವೇ ಓದಬೇಕಿತ್ತು. ಎಂಜಿನ್ ಬಿಚ್ಚಿ ಮಾರಿ ಆರು ಸಾವಿರ ಎತ್ತಿಕೊಂಡೆ.

ಯೆಜ್ಡಿಯ ಕಾಗದ ಹೋದ ಕ್ರಮ ಹೀಗೆ. ಮೊದಲು ಬುಕ್ ಕಳೆದ ಬಗ್ಗೆ ಅಜ್ಜಿಯಿಂದಲೇ ಠಾಣೆಗೆ ದೂರು ಕೊಡಿಸಿ ಸ್ವೀಕೃತಿ ಪಡೆದೆ. ಕಳೆದದ್ದು ಅವರ ಮನೆಯಲ್ಲಿ, ನಾನು ಕಳೆದೆ ಎಂದು ಬರೆದರೆ ಸುಳ್ಳಾಗುತ್ತದೆ. ಗಾಡಿ ಕಳವಿನ ಪಟ್ಟಿಯಲ್ಲಿ ಇಲ್ಲ ಎಂದು ಸರ್ಕಾರಿ ವೆಬ್‌ಸೈಟ್ ವಾಹನ್ ಸಮನ್ವಯ್‌ನಲ್ಲಿ ನೋಡಿ ಪ್ರಿಂಟ್ ತೆಗೆದೆ. ನಾಡಕಚೇರಿಯಿಂದ ವಂಶವೃಕ್ಷ, ಜೊತೆಗೆ ಮರಣ ಪ್ರಮಾಣಪತ್ರ. ಮಗ ಮತ್ತು ಮಗಳು ತಮ್ಮ ಅಭ್ಯಂತರ ಇಲ್ಲ ಎಂದು 20 ರೂಪಾಯಿ ಛಾಪಾ ಕಾಗದದಲ್ಲಿ ಅಫಿಡವಿಟ್ ಕೊಟ್ಟರು. ಮಗಳ ಸಹಿಗೆ ಕುಶಾಲನಗರಕ್ಕೆ ಎರಡು ಸಲ ಹೋದೆ, ಮೊದಲ ಸಲ ತಂದೆಯ ಇನಿಷಿಯಲ್ ತಪ್ಪಾಗಿತ್ತು. ಆಮೇಲೆ ಕಂಪ್ಯೂಟರಿಗೆ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆಯ ಲೆಡ್ಜರಿನ ವಿವರ ಏರಿಸುವುದು. ಅದು ಆಗದೆ ಉಳಿದ ಯಾವ ಅರ್ಜಿಯೂ ಆನ್‌ಲೈನಿನಲ್ಲಿ ತೆರೆಯುವುದೇ ಇಲ್ಲ. ಅದಾದ ಮೇಲೆ ಫಾರ್ಮ್ 26ರಲ್ಲಿ ಕಳೆದ ಆರ್‌ಸಿಗೆ ಬದಲಿ, ಫಾರ್ಮ್ 35ರಲ್ಲಿ ಎಚ್‌ಪಿ ರದ್ದು, ಫಾರ್ಮ್ 31ರಲ್ಲಿ ಅಜ್ಜಿಯ ಹೆಸರಿಗೆ, ಫಾರ್ಮ್ 25ರಲ್ಲಿ ನೋಂದಣಿ ನವೀಕರಣ. ಕೊನೆಗೆ 29, 30ರಲ್ಲಿ ನನ್ನ ಹೆಸರಿಗೆ ಟಿಓ (ಮಾಲೀಕತ್ವ ವರ್ಗಾವಣೆ). ನಾನು ಮೊದಲು ನೇರವಾಗಿ 30 ಹಾಕಿ ವಾಪಸ್ ಬಂದವನು. ತೀರಿಹೋದವರ ಹೆಸರಿನಿಂದ ನೇರವಾಗಿ ನಿಮ್ಮ ಹೆಸರಿಗೆ ಬರುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ಸತಾಯಿಸಿದ್ದು ಇನ್ಶೂರೆನ್ಸ್. ನವೀಕರಣಕ್ಕೆ ಆರ್‌ಟಿಓ ಇನ್ಶೂರೆನ್ಸ್ ಕೇಳುತ್ತದೆ. ಇನ್ಶೂರೆನ್ಸ್‌ನವರು ಚಾಲ್ತಿ ಆರ್‌ಸಿ ಕೇಳುತ್ತಾರೆ. ಆನ್‌ಲೈನ್ ಕಂಪನಿಗಳಲ್ಲಿ ಯೆಜ್ಡಿ ಎಂಬ ಹೆಸರೇ ಬರಲಿಲ್ಲ. ನಾಲ್ಕು ಕಡೆ ತಿರುಗಿ, ಸರ್ಕಾರಿ ಕಂಪನಿಯೊಂದರ ಶಾಖೆಗೆ ಬಿ ಎಕ್ಸ್‌ಟ್ರಾಕ್ಟ್, ಚಾಸಿ ಪ್ರಿಂಟ್, ಗಾಡಿ ಫೋಟೋ ತೆಗೆದುಕೊಂಡು ಹೋದೆ. ಥರ್ಡ್ ಪಾರ್ಟಿ ಮಾಡಿಕೊಟ್ಟರು, ತೆರಿಗೆ ಸೇರಿ ಸಾವಿರದ ನಾನೂರರ ಆಸುಪಾಸು. ಪಾಲಿಸಿ ಮೊದಲು ಅಜ್ಜಿಯ ಹೆಸರಿನಲ್ಲೇ ಇರಬೇಕು, ಮರೆಯಬೇಡಿ. ಯಾವ ದಿನ, ಯಾರ ಮೇಜಿನ ಮುಂದೆ ಹೋಗಿ ಕೂತೆ ಎಂಬುದನ್ನು ಬರೆದರೆ ಆ ಒಳ್ಳೆಯ ಮನುಷ್ಯರಿಗೆ ತೊಂದರೆ.

ಎಮಿಷನ್ (ಹೊಗೆ) ಟೆಸ್ಟಿಗೆ ನಾನೇ ತಲೆ ಓಡಿಸಿದೆ. 2000ದ ಮಾರ್ಚಿಗಿಂತ ಹಿಂದಿನ ಬೈಕಿಗೆ ಸಿಓ (ಕಾರ್ಬನ್ ಮೊನಾಕ್ಸೈಡ್) ಮಿತಿ ಶೇ. 4.5, ಎಚ್‌ಸಿ (ಸುಡದೆ ಉಳಿದ ಇಂಧನ) 9,000 ಪಿಪಿಎಂ. ಟೂ ಸ್ಟ್ರೋಕ್ ಎಂದು ಭಯಪಡಬೇಕಿಲ್ಲ. ಮೊದಲ ಸಲ ಸಿಓ ಆರು ದಾಟಿ ಫೇಲ್. ಸೈಲೆನ್ಸರಿನ ಒಳ ಕೊಳವೆಗಳನ್ನು ಬೆಂಕಿಗೆ ಹಾಕಿ ಹಳೆಯ ಕರಿ ಉದುರಿಸಿದೆ, ಏರ್ ಸ್ಕ್ರೂ ಒಂದು ಸುತ್ತು ಬಿಟ್ಟೆ, ಲೀಟರ್ ಪೆಟ್ರೋಲಿಗೆ 40 ಎಂಎಲ್ ಹಾಕುತ್ತಿದ್ದ ಆಯಿಲನ್ನು 30ಕ್ಕೆ ಇಳಿಸಿದೆ. ಹತ್ತು ಕಿಲೋಮೀಟರ್ ಬಿಸಿ ಮಾಡಿಕೊಂಡು ಹೋಗಿ ಬಿಸಿಯಲ್ಲೇ ಟೆಸ್ಟ್ ಮಾಡಿಸಿದೆ. ಸಿಓ ಮೂರು ಚಿಲ್ಲರೆ ಬಂತು.

ಬಣ್ಣದ ವಿಷಯದಲ್ಲಿ ನಾನು ಉಡಾಫೆ ಮಾಡಿದೆ. ನೀಲಿಯಲ್ಲೇ ತೋರಿಸೋಣ, ಹಳೆ ಗಾಡಿ, ಬಿಡುತ್ತಾರೆ ಎಂದುಕೊಂಡೆ. ಬ್ರೇಕ್ ಇನ್‌ಸ್ಪೆಕ್ಟರ್ ರಿಜಿಸ್ಟರ್ ನೋಡಿದರು, ಗಾಡಿ ನೋಡಿದರು, ವಾಪಸ್ ಕಳಿಸಿದರು. ಅವರದ್ದೇನೂ ತಪ್ಪಿಲ್ಲ. ಮೂರೂವರೆ ಸಾವಿರ ಕೊಟ್ಟು ಮರೂನ್ ಹೊಡೆಸಿ ಹದಿನೈದು ದಿನಕ್ಕೆ ಮತ್ತೆ ಹೋದೆ. ಆ ಸಲ ಅವರೇ ಒಂದು ಕಿಕ್ ಹೊಡೆದು ಸದ್ದು ಕೇಳಿದರು. ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ ಗಾಡಿ, 1996ರಲ್ಲಿ ಫ್ಯಾಕ್ಟರಿಯೇ ಮುಚ್ಚಿದೆ. ಆ ಜೋಡಿ ಸೈಲೆನ್ಸರ್ ಸದ್ದಿಗೆ ಕಿವಿ ಕೊಡದವರು ನಮ್ಮ ಕಡೆ ಇಲ್ಲ.

ಖರ್ಚು ನೆನಪಿನಿಂದ ಹೇಳುತ್ತೇನೆ. ಗಾಡಿಗೆ ಎರಡು ಕಡೆ ಸೇರಿ ಹದಿನೆಂಟು ಸಾವಿರ. ಏಜೆಂಟ್ ನುಂಗಿದ್ದು ಆರು. ಬಣ್ಣ ಮೂರೂವರೆ. ಸರ್ಕಾರಕ್ಕೆ ಕಟ್ಟಿದ್ದು ಗ್ರೀನ್ ಟ್ಯಾಕ್ಸೂ ಸೇರಿ ಸುಮಾರು ಎರಡು ಸಾವಿರ. ನೋಟರಿ, ಛಾಪಾ ಕಾಗದ ಸಾವಿರದ ಇನ್ನೂರು. ಓಡಾಟದ ಪೆಟ್ರೋಲ್ ಐದು ಸಾವಿರ. ಇನ್ಶೂರೆನ್ಸ್ ಸೇರಿ ಸುಮಾರು ಮೂವತ್ತೇಳು ಸಾವಿರ ಅನ್ನಿ. ಎಂಜಿನ್ ಕೆಲಸದ ಹದಿನಾಲ್ಕು ಸಾವಿರ ಬೇರೆ. ನೋಡಿ, ಸರ್ಕಾರಿ ಶುಲ್ಕಕ್ಕಿಂತ ಏಜೆಂಟ್ ತಿಂದದ್ದು ಮೂರು ಪಟ್ಟು. ನನ್ನ ನವೀಕರಣ 300 ರೂಪಾಯಿ ಶುಲ್ಕದಲ್ಲಿ ಮುಗಿಯಿತು. 2022ರ ಏಪ್ರಿಲ್ 1ರಿಂದ ಅದು 1,000 ಆಯಿತು, ತಡವಾದ ಪ್ರತಿ ತಿಂಗಳಿಗೆ 300 ಬೇರೆ. ಹಳೆ ಗಾಡಿ ಇಟ್ಟುಕೊಂಡವರು ಈಗಿನ ಶುಲ್ಕ ಎಷ್ಟು ಎಂದು ಮೊದಲೇ ಲೆಕ್ಕ ಹಾಕಿಕೊಂಡು ಇಳಿಯಿರಿ.

2022ರ ಜನವರಿಯಲ್ಲಿ ಹೊಸ ಯೆಜ್ಡಿಗಳು ಮಾರುಕಟ್ಟೆಗೆ ಬಂದ ಮೇಲೆ ಹಳೆಯದನ್ನು ಕೇಳುವವರು ಜಾಸ್ತಿಯಾಗಿದ್ದಾರೆ. ಕಾರ್ಡ್ ನೋಡಿ ಒಬ್ಬರು ತೊಂಬತ್ತೈದು ಸಾವಿರ ಹೇಳಿದರು. ಕೊಡಲಿಲ್ಲ. ಮೊದಲು ಅಜ್ಜಿಯ ಮನೆ ಮುಂದೆ ನಿಲ್ಲಿಸಿ ತೋರಿಸಿ ಬಂದೆ. ಅವರು ಟ್ಯಾಂಕ್ ಮುಟ್ಟಿ, "ಇದೇ ಬಣ್ಣ ಕಣಪ್ಪ" ಎಂದರು.

ಉಸ್ತಾದರು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು, ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು ಒಂದು ಚೀಟಿ ತಂದು ನನ್ನ ಮೇಜಿನ ಮೇಲಿಟ್ಟರು. ಅವರ ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ನಿಂತಿರುವ ಜಾವಾ ಬೈಕಿನ ಚಾಸಿ ಪ್ರಿಂಟ್. ಬುಕ್ ಇಲ್ಲ. ಪ್ರಿಂಟಿನಲ್ಲಿ ಮೊದಲ ಎರಡು ಅಂಕಿ ಮೂಡಿಲ್ಲ. ಭಾನುವಾರ ರಿಮೂವರ್, ಟಾರ್ಚ್ ತೆಗೆದುಕೊಂಡು ನಾನೇ ಹೋಗಬೇಕು.