ಮುಳುಗುತ್ತೋ ತೇಲುತ್ತೋ: ಊಹೆ ಮೊದಲು, ನೀರು ಆಮೇಲೆ

ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಊಹಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆಡಿದ ಊಹೆಯನ್ನು ಬದಲಿಸದೆ ಕಾಯುವುದು, ಆದದ್ದನ್ನು ಅದರ ಪಕ್ಕದಲ್ಲಿಟ್ಟು ನೋಡುವುದು, ಇವೆರಡನ್ನು ಕಲಿಸಬೇಕು. ಒಂದು ವಸ್ತು ನೀರಲ್ಲಿ ಮುಳುಗುತ್ತೋ ತೇಲುತ್ತೋ ಅಂತ ಬರೀ ಬಾಯಿಮಾತಲ್ಲಿ ಕೇಳಿದರೆ ಇದು ಆಗುವುದಿಲ್ಲ. ಗೋಲಿ ಮುಳುಗಿದ್ದೇ ತಡ, "ನಾನೂ ಮುಳುಗುತ್ತೆ ಅಂತಲೇ ಹೇಳಿದ್ದೆ" ಅನ್ನುತ್ತಾರೆ. ಸುಳ್ಳಲ್ಲ ಅದು. ಈಗಷ್ಟೇ ಗೊತ್ತಾದದ್ದು ಮೊದಲಿಂದಲೂ ಗೊತ್ತಿತ್ತು ಅನ್ನಿಸುವ ವಯಸ್ಸು.

ಅದಕ್ಕೇ ನಾನು ಊಹೆಯನ್ನು ಕ್ಲಿಪ್ಪಿಗೆ ಸಿಕ್ಕಿಸುತ್ತೇನೆ. ಮಗುವಿಗೊಂದು ಬಣ್ಣದ ಬಟ್ಟೆ ಕ್ಲಿಪ್, ಎದುರಿಗೆ ಎರಡು ರಟ್ಟು. ಒಂದರಲ್ಲಿ ನೀರಿನ ತಳದಲ್ಲಿರುವ ಚುಕ್ಕೆ, ಇನ್ನೊಂದರಲ್ಲಿ ನೀರಿನ ಮೇಲಿರುವ ಚುಕ್ಕೆ. ಮಗು ಕ್ಲಿಪ್ ಸಿಕ್ಕಿಸಿದ ಮೇಲೆ ರಟ್ಟುಗಳು ಕೈಗೆಟುಕದ ಕಡೆ ಹೋಗುತ್ತವೆ. ಎಟುಕುವ ಹಾಗಿದ್ದರೆ ಎಲ್ಲರೂ ನೀರಿನ ಕಡೆ ನೋಡುವಾಗ ಒಂದೆರಡು ಕ್ಲಿಪ್ ಜಾಗ ಬದಲಿಸಿರುತ್ತವೆ. ಇನ್ನೊಂದು ತೊಂದರೆ, ಜೋರು ಬಾಯಿಯ ಮಗು ಏನು ಹೇಳುತ್ತೋ ಉಳಿದವರದೂ ಅದೇ ಆಗುವುದು. ಕ್ಲಿಪ್ಪಿಗೆ ಮೊದಲು ಎಲ್ಲರೂ ಕಣ್ಣು ಮುಚ್ಚಿ, ಮೂರು ಎಣಿಸಿದಾಗ ಒಟ್ಟಿಗೆ ಕೈ ತೋರಿಸಬೇಕು: ಮುಷ್ಟಿ ಅಂದರೆ ಮುಳುಗುತ್ತೆ, ಅಂಗೈ ಅಂದರೆ ತೇಲುತ್ತೆ. ಒಂದು ಗುಂಪಿಗೆ ನಾಲ್ಕೇ ಮಕ್ಕಳು, ಆರು ವಸ್ತು, ಹದಿನೈದು ನಿಮಿಷ. ಅದಕ್ಕಿಂತ ಹೆಚ್ಚಾದರೆ ಊಹೆ ಹೋಗಿ ನೀರಾಟ ಉಳಿಯುತ್ತದೆ.

ವಸ್ತುಗಳ ಸರದಿಯಲ್ಲೇ ಅರ್ಧ ಪಾಠವಿದೆ. ಮೊದಲು ಕಲ್ಲು, ಒಣ ಎಲೆ. ಇವನ್ನು ಯಾರೂ ತಪ್ಪುವುದಿಲ್ಲ. ಆಮೇಲೆ ಅಂಗೈಯಗಲದ ಮರದ ತುಂಡು, ಪಕ್ಕದಲ್ಲಿ ಒಂದು ಗಾಜಿನ ಗೋಲಿ. "ದೊಡ್ಡದು ಮುಳುಗುತ್ತೆ" ಎನ್ನುವ ನಿಯಮ ಇಲ್ಲಿ ಮುರಿಯುತ್ತದೆ. ಕೊನೆಗೆ ಪ್ಲಾಸ್ಟಿಕ್ ನೀರಿನ ಬಾಟಲಿಯ ಮುಚ್ಚಳ, ಅದೇ ಬಾಟಲಿಯಿಂದ ಕತ್ತರಿಸಿದ ಎರಡು ಬೆರಳಗಲದ ತುಂಡು. ಸಾಮಾನ್ಯವಾಗಿ ಮುಚ್ಚಳ ತೇಲುತ್ತದೆ, ತುಂಡು ಮುಳುಗುತ್ತದೆ; ಎರಡೂ ಬೇರೆ ಬೇರೆ ಜಾತಿಯ ಪ್ಲಾಸ್ಟಿಕ್. ತುಂಡನ್ನು ಒಮ್ಮೆ ನೀರೊಳಗೆ ಅದ್ದಿ, ಅಂಟಿದ ಗಾಳಿಗುಳ್ಳೆ ಬಿಡಿಸಿ, ಆಮೇಲೆ ಕೈಬಿಡಬೇಕು. ಇಲ್ಲದಿದ್ದರೆ ಅದೂ ಮೇಲೇ ನಿಂತು ಪಾಠ ಕೆಡಿಸುತ್ತದೆ. ಪೇಪರ್ ಕ್ಲಿಪ್, ಗುಂಡುಪಿನ್ನಿನದೂ ಇದೇ ತಕರಾರು: ಮೆಲ್ಲಗೆ ಅಡ್ಡಡ್ಡ ಇಟ್ಟರೆ ನೀರಿನ ಮೇಲೇ ನಿಂತುಬಿಡುತ್ತವೆ. ಯಾವುದನ್ನೇ ಆಗಲಿ ಹಿಂದಿನ ದಿನವೇ ಹಾಕಿ ನೋಡಿರಬೇಕು. ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ಬಿಡದ ಮಕ್ಕಳಿಗೆ ಗೋಲಿ ಬೇಡ. ಆಟ ಮುಗಿದ ತಕ್ಷಣ ಟಬ್ ಖಾಲಿ ಮಾಡಬೇಕು.

"ಯಾಕೆ?" ಅಂತ ಕೇಳಿದರೆ "ಯಾಕಂದ್ರೆ ಅದು ತೇಲುತ್ತೆ" ಅನ್ನುವ ಉತ್ತರ ಬರುತ್ತದೆ. ನಾನು ಕೇಳುವುದು "ಏನು ನೋಡಿ ಹಾಗನ್ನಿಸಿತು?" ಆಗ "ತೂತಿದೆ", "ಕೈಗೆ ಭಾರ ಅನ್ನಿಸ್ತು" ಅಂತ ಕಣ್ಣಿಗೋ ಕೈಗೋ ಸಿಕ್ಕ ಕಾರಣ ಹೊರಬರುತ್ತದೆ. ಊಹೆ ತಪ್ಪಾದಾಗ ಅಯ್ಯೋ ಅನ್ನುವುದೂ ಬೇಡ, ಸರಿಯಾದಾಗ ಚಪ್ಪಾಳೆಯೂ ಬೇಡ. ಚಪ್ಪಾಳೆ ತಟ್ಟಿದರೆ ಮುಂದಿನ ಸುತ್ತಿನಿಂದ ಮಕ್ಕಳು ವಸ್ತುವನ್ನು ಬಿಟ್ಟು ನಮ್ಮ ಮುಖ ನೋಡಿ ಊಹಿಸುತ್ತಾರೆ.

ನೀರಿನಾಟ ಎರಡು ವಾರ ನಡೆದ ಮೇಲೆ ಇಳಿಜಾರು. ಒಂದು ಮೀಟರ್ ಹಲಗೆ, ಆಟದ ಕಾರು, ನೆಲಕ್ಕೆ ಟೇಪು. ಹಲಗೆಯ ತುದಿಯನ್ನು 10 ಸೆಂ.ಮೀ. ಎತ್ತರಿಸಿ ಒಮ್ಮೆ ಬಿಟ್ಟು ತೋರಿಸಿ, 20ಕ್ಕೆ ಎತ್ತರಿಸಿದರೆ ಕಾರು ಎಲ್ಲಿವರೆಗೆ ಹೋಗುತ್ತದೆ ಅಂತ ಟೇಪಿನ ಪಕ್ಕ ಕ್ಲಿಪ್ ಇಡಿಸುವುದು. ಕಾರನ್ನು ಕೈಯಿಂದ ಬಿಟ್ಟರೆ ಮಕ್ಕಳು ತಳ್ಳಿಯೇ ತಳ್ಳುತ್ತಾರೆ, ಆದ್ದರಿಂದ ಮುಂದೆ ಸ್ಕೇಲ್ ಅಡ್ಡ ಹಿಡಿದು ಮೇಲಕ್ಕೆತ್ತುವುದು. ಹಲಗೆ ನೆಲ ಸೇರುವಲ್ಲಿ ದಪ್ಪ ಕಾಗದ ಅಂಟಿಸದಿದ್ದರೆ, ಎತ್ತರ ಹೆಚ್ಚಿದಾಗ ಕಾರಿನ ಮೂತಿ ನೆಲಕ್ಕೆ ಬಡಿದು ಅಲ್ಲೇ ನಿಲ್ಲುತ್ತದೆ. ಆಗ ಮಕ್ಕಳು "ಎತ್ತರ ಜಾಸ್ತಿ ಆದ್ರೆ ಕಡಿಮೆ ದೂರ ಹೋಗುತ್ತೆ" ಎಂದು ತೀರ್ಮಾನಿಸುತ್ತಾರೆ. ಅವರು ಕಂಡದ್ದಕ್ಕೆ ಆ ತೀರ್ಮಾನ ಸರಿಯೇ! ಒಂದೇ ಎತ್ತರದಿಂದ ಮೂರು ಸಲ ಬಿಡಬೇಕು. ಮೂರೂ ಸಲ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ, "ಸುಮಾರು ಇಲ್ಲಿ" ಎನ್ನುವ ಮಾತು ಆಗ ತಾನಾಗಿ ಬರುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಕೊನೆಯ ಆಟ: ಚೀಲದಿಂದ ಯಾವ ಬಣ್ಣ ಬರುತ್ತೆ ಅಂತ ಊಹಿಸುವುದು. ಮಕ್ಕಳ ಎದುರಿಗೇ ಒಂಬತ್ತು ಕೆಂಪು ಬಿಲ್ಲೆ, ಒಂದು ನೀಲಿ ಎಣಿಸಿ ಹಾಕುವುದು. ಒಂದನ್ನು ತೆಗೆದು, ತೋರಿಸಿ, ವಾಪಸ್ ಹಾಕಿ ಕಲಕುವುದು. ನಾಲ್ಕು ಸಲ ಕೆಂಪು ಬಂದರೆ "ಈಗ ನೀಲಿ ಸರದಿ" ಅನ್ನುತ್ತಾರೆ. ಆಗ ವಾದ ಮಾಡದೆ ಚೀಲ ಸುರಿದು ಮತ್ತೆ ಎಣಿಸುವುದು: ಕೆಂಪು ಈಗಲೂ ಒಂಬತ್ತೇ. ಕೆಂಪು ಅಂದ ಮಗುವಿಗೆ ನೀಲಿ ಬಂದರೆ ಅವಳ ಕ್ಲಿಪ್ಪನ್ನು ಕೆಂಪಿನಿಂದ ತೆಗೆಯುವುದಿಲ್ಲ. ಮುಂದಿನ ಸುತ್ತಿಗೆ ಎಲ್ಲಿ ಇಡುತ್ತಾಳೆ ಅನ್ನುವುದನ್ನಷ್ಟೇ ಬರೆದಿಟ್ಟುಕೊಳ್ಳುತ್ತೇನೆ.